ವ್ಯಕ್ತಿಚಿತ್ರದ ಮೇಲಿನ ಹಕ್ಕು: ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ

ಒಬ್ಬರ ಮುಖ, ಹೆಸರು, ದನಿ, ಸಹಿ, ಗುರುತಿಸಬಹುದಾದ ಹಾವಭಾವ, ಇವುಗಳಲ್ಲಿ ಯಾವುದನ್ನೇ ಆಗಲಿ ಅವರನ್ನು ಕೇಳದೆ ಸರಕು ಮಾರಲು ಅಥವಾ ಸೇವೆಯ ಪ್ರಚಾರಕ್ಕೆ ಬಳಸಿಕೊಂಡರೆ ಅದನ್ನು ನಿಲ್ಲಿಸುವ, ಪರಿಹಾರ ಕೇಳುವ ಹಕ್ಕು ಆ ವ್ಯಕ್ತಿಗಿದೆ. ನಮ್ಮ ನ್ಯಾಯಾಲಯಗಳು ಇದನ್ನು ವ್ಯಕ್ತಿತ್ವದ ಹಕ್ಕು ಎಂದೂ ಪ್ರಚಾರದ ಹಕ್ಕು ಎಂದೂ ಕರೆಯುತ್ತ ಬಂದಿವೆ. ಇದಕ್ಕೆಂದೇ ಮಾಡಿದ ಕಾಯಿದೆ ಭಾರತದಲ್ಲಿಲ್ಲ. ಸಂವಿಧಾನದ 21ನೇ ವಿಧಿ, 1957ರ ಕೃತಿಸ್ವಾಮ್ಯ ಕಾಯಿದೆ, 1999ರ ಟ್ರೇಡ್‌ಮಾರ್ಕ್ ಕಾಯಿದೆ, 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆ, ಇವುಗಳ ಜೊತೆಗೆ ಸುಮಾರು ಮೂವತ್ತು ವರ್ಷಗಳ ತೀರ್ಪುಗಳನ್ನು ಸೇರಿಸಿ ಓದಿದಾಗ ಈ ಹಕ್ಕಿನ ರೂಪ ಸಿಗುತ್ತದೆ.

ಮುಲುಂಡ್ ದಾಟಿದ ಮೇಲೆ ಥಾಣೆ, ಅಲ್ಲಿಂದ ಮುಂದೆ ಡೊಂಬಿವಲಿ, ಕಲ್ಯಾಣ್. ಇನ್ನೊಂದು ಬದಿಗೆ ವಾಶಿ ಖಾಡಿಯ ಸೇತುವೆ ದಾಟಿದರೆ ನವಿ ಮುಂಬಯಿ. ಈ ಊರುಗಳಲ್ಲಿ ಮಾರಾಟಕ್ಕೆ ಬಳಕೆಯಾಗುವ ಮುಖಗಳಿಗೆ ಬರವಿಲ್ಲ. ಸ್ಟೇಷನ್ ರಸ್ತೆಯ ಕೋಚಿಂಗ್ ಕ್ಲಾಸುಗಳ ಬ್ಯಾನರಿನಲ್ಲಿ ಹತ್ತನೆಯ ತರಗತಿಯ ಮಕ್ಕಳಿರುತ್ತಾರೆ, ಫೋಟೋ ಸ್ಟುಡಿಯೋದ ಗಾಜಿನ ಹಿಂದೆ ಯಾರದೋ ಮದುವೆಯ ಜೋಡಿ ಇರುತ್ತದೆ, ಹಲ್ಲಿನ ಆಸ್ಪತ್ರೆಯ ಬೋರ್ಡಿನಲ್ಲಿ ನಗುವ ಹೆಂಗಸು ಇರುತ್ತಾಳೆ. ಇವರಲ್ಲಿ ಎಷ್ಟು ಜನರನ್ನು ಕೇಳಿ ಹಾಕಿದ್ದಾರೆ? ಬಚ್ಚನ್, ರಜನಿಕಾಂತ್, ಅರಿಜಿತ್ ಸಿಂಗ್ ಮೊಕದ್ದಮೆ ಹೂಡಿದ್ದರಿಂದ ಈ ಕಾನೂನು ಬೆಳೆಯಿತು, ನಿಜ. ಆದರೆ ಅದರ ಅಗತ್ಯ ಹೆಚ್ಚಾಗಿ ಇರುವುದು ವಕೀಲರ ಪಡೆ ಇಲ್ಲದ ಈ ಜನಕ್ಕೆ. ಹಕ್ಕಿನ ಬುಡದಲ್ಲಿ ಇರಬೇಕಾದದ್ದು ಒಪ್ಪಿಗೆ, ಪ್ರಸಿದ್ಧಿಯಲ್ಲ. ಈ ಲೇಖನ ಆ ದೃಷ್ಟಿಯಿಂದಲೇ ವಿಷಯವನ್ನು ನೋಡುತ್ತದೆ.

ಒಂದು ಫೋಟೋ, ನಾಲ್ಕು ರಾಜ್ಯ ಸರ್ಕಾರಗಳು

2025ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಬಂದ ಒಂದು ರಿಟ್ ಅರ್ಜಿ ಈ ವಿಷಯದ ನಡುಮಧ್ಯಕ್ಕೆ ಕರೆದೊಯ್ಯುತ್ತದೆ. ಅರ್ಜಿದಾರಳು ಮಹಾರಾಷ್ಟ್ರದ ಹಳ್ಳಿಯೊಂದರ ಸಾಮಾನ್ಯ ಮಹಿಳೆ. ಪರಿಚಯದ ಫೋಟೋಗ್ರಾಫರ್ ಒಬ್ಬರು ಆಕೆಯ ಚಿತ್ರ ತೆಗೆದು, ಆಕೆಗೆ ತಿಳಿಸದೆ, ಅಮೆರಿಕದ ಶಟರ್‌ಸ್ಟಾಕ್ ಜಾಲತಾಣಕ್ಕೆ ಹಾಕಿದ್ದರು ಎಂಬುದು ದೂರು. ಅಲ್ಲಿಂದ ಆ ಮುಖ ಎಲ್ಲೆಲ್ಲಿಗೋ ಹೋಯಿತು. ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ, ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣ, ಒಡಿಶಾ ಸರ್ಕಾರಗಳು, ಕಾಂಗ್ರೆಸ್ ಪಕ್ಷ, ಖಾಸಗಿ ಸಂಸ್ಥೆ, ಹೀಗೆ ಹಲವರ ಜಾಹೀರಾತುಗಳಲ್ಲಿ ಆಕೆ ಕಾಣಿಸಿಕೊಂಡಳು. ನ್ಯಾಯಮೂರ್ತಿಗಳಾದ ಜಿ.ಎಸ್. ಕುಲಕರ್ಣಿ ಮತ್ತು ಅದ್ವೈತ್ ಸೇಠನಾ ಅವರ ಪೀಠ, ಸಾಮಾಜಿಕ ಜಾಲತಾಣಗಳ ಈ ಕಾಲದಲ್ಲಿ ಇದು ಗಂಭೀರ ವಿಷಯ, ಮೇಲ್ನೋಟಕ್ಕೆ ಆಕೆಯ ಚಿತ್ರದ ವಾಣಿಜ್ಯ ದುರ್ಬಳಕೆ ಎಂದು ಹೇಳಿ ಎಲ್ಲ ಪ್ರತಿವಾದಿಗಳಿಂದ ಉತ್ತರ ಕೇಳಿತು.

ಇಲ್ಲಿ ಒಂದು ವ್ಯವಹಾರವನ್ನು ಬಿಡಿಸಿ ನೋಡಬೇಕು. ಇಂಥ ಚಿತ್ರಭಂಡಾರಗಳಲ್ಲಿ ಫೋಟೋಗಳಿಗೆ ಎರಡು ಬಗೆಯ ಪರವಾನಗಿ ಇರುತ್ತದೆ. ಸುದ್ದಿ, ಲೇಖನಗಳಿಗೆ ಬಳಸುವುದು ಒಂದು. ಜಾಹೀರಾತಿಗೆ ಬಳಸುವುದು ಇನ್ನೊಂದು. ಎರಡನೆಯದಕ್ಕೆ ಫೋಟೋದಲ್ಲಿರುವವರು ಸಹಿ ಹಾಕಿದ ಒಪ್ಪಿಗೆ ಪತ್ರ ಬೇಕು. ಫೋಟೋಗ್ರಾಫರುಗಳು ಇದನ್ನು ಮಾಡೆಲ್ ರಿಲೀಸ್ ಎನ್ನುತ್ತಾರೆ. ಚಿತ್ರ ಕೊಳ್ಳುವ ಜಾಹೀರಾತು ಏಜೆನ್ಸಿ ಪತ್ರವನ್ನು ಕಣ್ಣಾರೆ ನೋಡುವುದಿಲ್ಲ, ಜಾಲತಾಣ ಇದೆ ಎಂದರೆ ನಂಬುತ್ತದೆ. ಜಾಲತಾಣ ಫೋಟೋಗ್ರಾಫರನನ್ನು ನಂಬುತ್ತದೆ, ಇಲಾಖೆ ಏಜೆನ್ಸಿಯನ್ನು ನಂಬುತ್ತದೆ. ದುಡ್ಡು ಕೈಯಿಂದ ಕೈಗೆ ಹೋಗುತ್ತದೆ, ಹೊಣೆ ಯಾರ ಕೈಯಲ್ಲೂ ನಿಲ್ಲುವುದಿಲ್ಲ. ಕೊನೆಗೆ ಬಸ್ಸಿನ ಹಿಂದೆ ತನ್ನದೇ ಮುಖ ಕಂಡು ಗಾಬರಿಯಾಗುವವಳು ಒಬ್ಬಳೇ. ಯಾವ ಪಕ್ಷದ ಯೋಜನೆಯನ್ನು ತಾನು ಮೆಚ್ಚಿದ್ದೇನೆ ಎಂದು ಊರಿನವರು ತಿಳಿದಾರೋ ಅದನ್ನು ತೀರ್ಮಾನಿಸುವ ಅಧಿಕಾರವನ್ನೂ ಆಕೆಯಿಂದ ಕಸಿದುಕೊಂಡ ಹಾಗಾಯಿತು.

ಈ ಅರ್ಜಿಗೆ ನಾಲ್ಕು ವರ್ಷ ಮುಂಚೆ ಅದೇ ಹೈಕೋರ್ಟ್ ಇನ್ನೊಂದು ಪ್ರಕರಣದಲ್ಲಿ ಇದೇ ಸರಪಳಿಯನ್ನು ಕಂಡಿತ್ತು. ನಟಿ, ರೂಪದರ್ಶಿ ಸಾಕ್ಷಿ ಮಲಿಕ್ 2017ರಲ್ಲಿ ತೆಗೆಸಿಕೊಂಡು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದ ಚಿತ್ರವನ್ನು ‘ವಿ’ ಎಂಬ ತೆಲುಗು ಸಿನಿಮಾದಲ್ಲಿ ವೇಶ್ಯಾವೃತ್ತಿಯವಳ ಫೋಟೋ ಎಂದು ತೋರಿಸಲಾಗಿತ್ತು. ಫೋಟೋ ಒದಗಿಸಲು ಏಜೆನ್ಸಿಗೆ ಹೇಳಿದ್ದೆವು, ಒಪ್ಪಿಗೆ ಪಡೆದಿರುತ್ತಾರೆ ಎಂದುಕೊಂಡಿದ್ದೆವು ಎಂಬುದು ನಿರ್ಮಾಪಕರ ಸಮಜಾಯಿಷಿ. ನ್ಯಾಯಮೂರ್ತಿ ಗೌತಮ್ ಪಟೇಲ್ ಅದನ್ನು ಒಪ್ಪಲಿಲ್ಲ. ಸ್ಪಷ್ಟ ಒಪ್ಪಿಗೆಯಿಲ್ಲದೆ ಒಬ್ಬರ ಖಾಸಗಿ ಚಿತ್ರ ಬಳಸುವುದೇ ಕಾನೂನುಬಾಹಿರ ಎಂದು 2021ರ ಮಾರ್ಚ್ 2ರಂದು ಹೇಳಿ, ಆ ಭಾಗ ತೆಗೆಯುವವರೆಗೆ ಇಡೀ ಸಿನಿಮಾವನ್ನು ಅಮೆಜಾನ್ ಪ್ರೈಮ್‌ನಿಂದ ಇಳಿಸುವಂತೆ ಆದೇಶಿಸಿದರು. ಬರಿದೆ ಮುಖವನ್ನು ಮಸುಕು ಮಾಡಿದರೂ ಸಾಲದು ಎಂದರು. ಈ ಆದೇಶದ ಮಹತ್ವ ಇರುವುದು ಇಲ್ಲಿ: ಜಾಲತಾಣದಲ್ಲಿ ತಾನೇ ಹಾಕಿಕೊಂಡ ಫೋಟೋ ಊರಿಗೆಲ್ಲ ಬಿಟ್ಟಿ ಸರಕಾಗುವುದಿಲ್ಲ.

ಹಕ್ಕಿನ ಬೇರು

ಈ ವಿಚಾರ ಹೊರದೇಶದಲ್ಲಿ ಹುಟ್ಟಿದ್ದೂ ಹೆಸರುವಾಸಿಯಲ್ಲದ ಹುಡುಗಿಯೊಬ್ಬಳ ದೂರಿನಿಂದಲೇ. ನ್ಯೂಯಾರ್ಕ್ ರಾಜ್ಯದ ಗಿರಣಿಯೊಂದು ಹಿಟ್ಟಿನ ಪ್ರಚಾರಕ್ಕೆ ಸುಮಾರು 25,000 ಭಿತ್ತಿಚಿತ್ರಗಳಲ್ಲಿ ಆಕೆಯ ಮುಖ ಅಚ್ಚು ಹಾಕಿಸಿತ್ತು. 1902ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಆಕೆಗೆ ಪರಿಹಾರ ಕೊಡಲು ಕಾನೂನಿಲ್ಲ ಎಂದಿತು. ಜನ ಸಿಟ್ಟಿಗೆದ್ದರು, ಮರುವರ್ಷವೇ ನ್ಯೂಯಾರ್ಕ್ ಶಾಸನಸಭೆ ಲಿಖಿತ ಒಪ್ಪಿಗೆಯಿಲ್ಲದ ಇಂಥ ಬಳಕೆಯನ್ನು ನಿಷೇಧಿಸಿತು. 1953ರಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರವಿದ್ದ ಚ್ಯೂಯಿಂಗ್ ಗಮ್ ಕಾರ್ಡುಗಳ ಜಗಳದಲ್ಲಿ ಅಮೆರಿಕದ ನ್ಯಾಯಾಲಯವೊಂದು ಮುಖದ ಮಾರುಕಟ್ಟೆ ಬೆಲೆಯೂ ಆ ವ್ಯಕ್ತಿಯದೇ ಆಸ್ತಿ ಎಂದು ಹೇಳಿತು. ಅಲ್ಲಿಂದಾಚೆಗೆ ಗೌರವದ ಹಕ್ಕು, ಹಣದ ಹಕ್ಕು ಎಂಬ ಎರಡು ಕವಲುಗಳು ಜೊತೆಜೊತೆಗೆ ಬೆಳೆದವು. ಇಂಗ್ಲೆಂಡ್ ಮಾತ್ರ ಇಂದಿಗೂ ಮುಖದ ಮೇಲೆ ಪ್ರತ್ಯೇಕ ಹಕ್ಕನ್ನು ಒಪ್ಪಿಲ್ಲ. 2015ರಲ್ಲಿ ಗಾಯಕಿ ರಿಹಾನ್ನಾ ಟೀ ಶರ್ಟಿನ ಮೊಕದ್ದಮೆ ಗೆದ್ದದ್ದು, ಗ್ರಾಹಕರು ಆಕೆಯೇ ಮೆಚ್ಚಿದ ಬಟ್ಟೆ ಎಂದು ಮೋಸಹೋಗುತ್ತಾರೆ ಎಂಬ ಕಾರಣಕ್ಕೆ.

ಭಾರತದಲ್ಲಿ ಬುನಾದಿ ಹಾಕಿದ್ದು ಸುಪ್ರೀಂ ಕೋರ್ಟಿನ 1994ರ ಆರ್. ರಾಜಗೋಪಾಲ್ ಪ್ರಕರಣ. ಕೊಲೆಗಾರ ಆಟೋ ಶಂಕರನ ಆತ್ಮಕಥೆಯನ್ನು ತಮಿಳಿನ ನಕ್ಕೀರನ್ ಪತ್ರಿಕೆ ಪ್ರಕಟಿಸಬಹುದೇ ಎಂಬ ವ್ಯಾಜ್ಯ ಅದು. ತೀರ್ಪು ಬರೆದ ನ್ಯಾಯಮೂರ್ತಿ ಜೀವನ್ ರೆಡ್ಡಿ, ಒಬ್ಬರ ಹೆಸರನ್ನೋ ರೂಪವನ್ನೋ ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸುವುದು ಖಾಸಗಿತನದ ಉಲ್ಲಂಘನೆ ಎಂದು ಅಲ್ಲಿ ದಾಖಲಿಸಿದರು. 2017ರ ಆಗಸ್ಟ್ 24ರಂದು ಅದೇ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ ಹೋರಾಡಿದ ಹಿರಿಯ ಕನ್ನಡಿಗರಾಗಿ ಅವರನ್ನು ನೆನೆಯುತ್ತೇವೆ. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್, ತನ್ನ ಚಿತ್ರ, ಹೆಸರುಗಳನ್ನು ಇತರರು ವ್ಯಾಪಾರಕ್ಕೆ ಬಳಸದಂತೆ ತಡೆಯುವ ಅಧಿಕಾರ ವ್ಯಕ್ತಿಗೆ ಇರಬೇಕು ಎಂದು ಬರೆದದ್ದು ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಬ್ಯಾನರಿನಲ್ಲಿ ಮಗಳ ಫೋಟೋ ಕಂಡ ಡೊಂಬಿವಲಿಯ ತಾಯಿಗೆ ಆಸರೆಯಾಗುವ ಸಾಲು ಅದೇ. ಪ್ರಸಿದ್ಧರಾಗಿರಬೇಕು ಎಂಬ ಷರತ್ತು ಅದರಲ್ಲಿಲ್ಲ.

ತಾರೆಯರ ಮೊಕದ್ದಮೆಗಳು

ತಾರೆಯರ ಪ್ರಕರಣಗಳನ್ನು ಬೇಗ ನೋಡಿ ಮುಗಿಸಬಹುದು. 1996ರ ಇಂಗ್ಲೆಂಡ್ ಪ್ರವಾಸದಿಂದ ಸೌರವ್ ಗಂಗೂಲಿ ಹೆಸರು ಮಾಡಿ ಮರಳಿದಾಗ ಟಾಟಾ ಟೀ ಕಂಪನಿ ಚಹಾ ಪ್ಯಾಕೆಟ್ಟಿನಲ್ಲಿ ಅವರನ್ನು ಅಭಿನಂದಿಸುವ ಅಂಚೆ ಕಾರ್ಡು ಇಟ್ಟಿತು. ಗಂಗೂಲಿ ಆಗ ಅದೇ ಕಂಪನಿಯ ನೌಕರ. ಆದರೂ ಕೋಲ್ಕತ್ತದ ನ್ಯಾಯಾಲಯದಲ್ಲಿ ಅವರ ಮಾತು ನಡೆಯಿತು: ಸಂಬಳ ಕೊಟ್ಟರೆ ಹೆಸರೂ ಸಿಗುವುದಿಲ್ಲ. 2012ರಲ್ಲಿ ದೆಹಲಿ ಹೈಕೋರ್ಟ್, ಅಮಿತಾಭ್ ಮತ್ತು ಜಯಾ ಬಚ್ಚನ್ ಅವರ ತನಿಷ್ಕ್ ಜಾಹೀರಾತನ್ನು ಹಾಗೇ ಎತ್ತಿ ತನ್ನ ಹೋರ್ಡಿಂಗ್ ಮಾಡಿಕೊಂಡ ಮುಜಫ್ಫರ್‌ನಗರದ ಆಭರಣ ವ್ಯಾಪಾರಿಯನ್ನು ತಡೆಯಿತು. ವ್ಯಕ್ತಿಯನ್ನು ಗುರುತಿಸಲು ಆಗಬೇಕು, ಅಷ್ಟಾದರೆ ಗ್ರಾಹಕ ಮೋಸಹೋದ ಎಂದು ಬೇರೆ ಸಾಬೀತು ಮಾಡಬೇಕಿಲ್ಲ ಎಂಬ ತತ್ವ ಅಲ್ಲಿ ನೆಲೆಯೂರಿತು. ಮೂರು ವರ್ಷದ ನಂತರ ‘ಮೈ ಹೂ ರಜನಿಕಾಂತ್’ ಎಂಬ ಹಿಂದಿ ಸಿನಿಮಾ ವಿರುದ್ಧ ಮದ್ರಾಸ್ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ದಾವೆಯ ಶೀರ್ಷಿಕೆಯಲ್ಲಿ ವಾದಿಯ ಹೆಸರು ಶಿವಾಜಿ ರಾವ್ ಗಾಯಕ್ವಾಡ್ ಎಂದಿದೆ. ಬೆಂಗಳೂರಿನ ಮರಾಠಿ ಮನೆಯಲ್ಲಿ ಹುಟ್ಟಿ, ಅಲ್ಲಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರ ಮೂಲ ಹೆಸರು ಅದು.

2022ರಿಂದೀಚೆಗೆ ಇಂಥ ದಾವೆಗಳು ಸಾಲುಗಟ್ಟಿವೆ. ಅಮಿತಾಭ್ ಬಚ್ಚನ್, ‘ಝಕಾಸ್’ ಎಂಬ ಉದ್ಗಾರದ ಸಮೇತ ಅನಿಲ್ ಕಪೂರ್, ‘ಭಿಡು’ವಿನ ಸಮೇತ ಜಾಕಿ ಶ್ರಾಫ್ ದೆಹಲಿಯಲ್ಲಿ ತಡೆಯಾಜ್ಞೆ ಪಡೆದರು. ಕರಾವಳಿಯವರೂ ಇದ್ದಾರೆ. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 2025ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟಿಗೆ ಹೋದಾಗ ಎದುರಿಗಿದ್ದದ್ದು ಅವರ ಚಿತ್ರದ ಮಗ್ಗು, ಟೀ ಶರ್ಟುಗಳ ಮಾರಾಟ ಮತ್ತು ತಿರುಚಿದ ಚಿತ್ರಗಳು. ಮೂಲ್ಕಿಯಲ್ಲಿ ಹುಟ್ಟಿದ ಸುನಿಲ್ ಶೆಟ್ಟಿ ಮರುತಿಂಗಳು ಬಾಂಬೆ ಹೈಕೋರ್ಟಿಗೆ ಹೋದರು. ತಮ್ಮ ಮೊಮ್ಮಗುವಿನ ಜೊತೆಗಿನ ನಕಲಿ ಚಿತ್ರಗಳನ್ನೂ ಹರಿಬಿಟ್ಟಿದ್ದಾರೆ ಎಂಬ ಅವರ ದೂರಿಗೆ ನ್ಯಾಯಮೂರ್ತಿ ಆರಿಫ್ ಡಾಕ್ಟರ್ ತಡೆಯಾಜ್ಞೆ ಕೊಟ್ಟರು. ಮೈಸೂರಿನಲ್ಲಿ ಹುಟ್ಟಿದ ಸದ್ಗುರು ಜಗ್ಗಿ ವಾಸುದೇವ್ ಅದೇ ವರ್ಷದ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪಡೆದ ಆದೇಶ ಇನ್ನೂ ಒಂದು ಹೆಜ್ಜೆ ಮುಂದಿನದು. ಒಂದು ಜಾಲತಾಣ ಮುಚ್ಚಿಸಿದರೆ ಅದೇ ಸರಕು ಇನ್ನೊಂದು ಹೆಸರಲ್ಲಿ ಮೇಲೆದ್ದರೂ ಹೊಸ ದಾವೆ ಹೂಡಬೇಕಿಲ್ಲದಂತೆ ಅದು ರೂಪುಗೊಂಡಿದೆ.

ಫೋಟೋ ಯಾರದು, ಮುಖ ಯಾರದು

ನಮ್ಮ ಊರುಗಳಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿ. ‘ಕ್ಯಾಮೆರಾ ನನ್ನದು, ಫೋಟೋ ನನ್ನದು’ ಎಂದು ಸ್ಟುಡಿಯೋದವರು ಹೇಳುತ್ತಾರೆ, ಮನೆಯವರೂ ತಲೆಯಾಡಿಸಿ ಬರುತ್ತಾರೆ. ಕಾಯಿದೆ ಹೇಳುವುದು ಬೇರೆ. ಕೃತಿಸ್ವಾಮ್ಯ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ಫೋಟೋದ ಒಡೆತನ ತೆಗೆದವನದು. ಆದರೆ ಒಬ್ಬರು ಹಣ ಕೊಟ್ಟು, ಹೇಳಿ ತೆಗೆಸಿದ ಫೋಟೋ ಆದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಒಡೆತನ ಹಣ ಕೊಟ್ಟವರದು.

ಕಲ್ಯಾಣ್‌ನ ಸಭಾಂಗಣವೊಂದರಲ್ಲಿ ಮದುವೆಯಾಗುವ ಕುಟುಂಬವನ್ನು ತೆಗೆದುಕೊಳ್ಳಿ. ಮುಂಗಡ, ಆಲ್ಬಮ್, ವಿಡಿಯೋ, ಡ್ರೋನ್ ಎಂದು ಸ್ಟುಡಿಯೋಗೆ ದುಡ್ಡು ಕೊಟ್ಟಿರುತ್ತಾರೆ. ಎರಡು ತಿಂಗಳ ನಂತರ ಮದುಮಗಳ ದೊಡ್ಡ ಫೋಟೋ ಅಂಗಡಿಯ ಮುಂದೆ ತೂಗುತ್ತದೆ, ಅದರ ರೀಲ್ ಇನ್‌ಸ್ಟಾಗ್ರಾಂನಲ್ಲಿ ಸ್ಟುಡಿಯೋದ ಫೋನ್ ನಂಬರಿನ ಜೊತೆ ಓಡುತ್ತದೆ. ಇಲ್ಲಿ ಎರಡು ಹಕ್ಕುಗಳ ಮೇಲೆ ಕೈ ಹಾಕಿದಂತಾಯಿತು. ಹಣ ಕೊಟ್ಟು ತೆಗೆಸಿದ್ದರಿಂದ ಕೃತಿಸ್ವಾಮ್ಯ ಕುಟುಂಬದ್ದು; ಮುಖದ ಮೇಲಿನ ಹಕ್ಕು ಹೇಗೂ ಮದುಮಗಳದೇ. ಬುಕಿಂಗ್ ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ‘ಪ್ರಚಾರಕ್ಕೆ ಬಳಸುವ ಹಕ್ಕು ಸ್ಟುಡಿಯೋದ್ದು’ ಎಂಬ ಸಾಲಿದ್ದು, ಅದಕ್ಕೆ ಸಹಿ ಹಾಕಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಆಗಲೂ ಸಹಿ ಹಾಕಿದ್ದು ಮಾವನವರಾದರೆ ಸೊಸೆಯ ಮುಖಕ್ಕೆ ಅವರು ಒಪ್ಪಿಗೆ ಕೊಟ್ಟಂತಾಗುವುದಿಲ್ಲ. ಈ ಒಂದು ಸಾಲನ್ನು ಹೊಡೆದುಹಾಕಿ ಸಹಿ ಮಾಡುವುದು ಮುಂದೆ ಕೋರ್ಟು ಹತ್ತುವುದಕ್ಕಿಂತ ಎಷ್ಟೋ ಸುಲಭ.

ಕ್ಲಾಸುಗಳ ಬ್ಯಾನರ್

ಜೂನ್ ಬಂತೆಂದರೆ ಡೊಂಬಿವಲಿ ಪೂರ್ವದಲ್ಲಿ, ಥಾಣೆಯ ನೌಪಾಡಾದಲ್ಲಿ, ಕಲ್ಯಾಣ್ ಪಶ್ಚಿಮದಲ್ಲಿ ಕ್ಲಾಸುಗಳ ಬ್ಯಾನರುಗಳು ಏಳುತ್ತವೆ. ಸಾಲಾಗಿ ಮಕ್ಕಳ ಪಾಸ್‌ಪೋರ್ಟ್ ಅಳತೆಯ ಫೋಟೋ, ಕೆಳಗೆ ಹೆಸರು, ಶಾಲೆ, ದಪ್ಪಕ್ಷರದಲ್ಲಿ ಶೇಕಡಾವಾರು ಅಂಕ. ಪ್ರವೇಶದ ದಿನ ಅರ್ಜಿಗೆ ಅಂಟಿಸಲು ಕೊಟ್ಟಿದ್ದ ಅದೇ ಫೋಟೋ ಅಲ್ಲಿ ಹಿಗ್ಗಿ ನಿಂತಿರುತ್ತದೆ. ಕೆಲವು ಮನೆಯವರಿಗೆ ಅದು ಹೆಮ್ಮೆ, ನಿಂತು ಫೋಟೋ ಹೊಡೆದುಕೊಳ್ಳುತ್ತಾರೆ. ಆ ಹೆಮ್ಮೆಯನ್ನು ತಪ್ಪೆನ್ನಲಾಗದು. ಆದರೆ ಹೆಣ್ಣುಮಗಳ ಹೆಸರು, ಮುಖ, ಶಾಲೆ ಮೂರನ್ನೂ ಒಟ್ಟಿಗೆ ಬೀದಿಗೆ ಹಾಕುವುದು ಬೇಡ ಎನ್ನುವ ಮನೆಯವರನ್ನು ಯಾರೂ ಕೇಳಿರುವುದಿಲ್ಲ.

ಈ ವಿಷಯದಲ್ಲಿ ದೇಶದಲ್ಲೇ ಅತ್ಯಂತ ಸ್ಪಷ್ಟವಾದ ನಿಯಮ ಈಗ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್ 13ರಂದು ಕೋಚಿಂಗ್ ಕ್ಷೇತ್ರದ ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿತು. ವಿದ್ಯಾರ್ಥಿಯ ಹೆಸರು, ಚಿತ್ರ, ಹೊಗಳಿಕೆಯ ಮಾತುಗಳನ್ನು ಬಳಸಲು ಲಿಖಿತ ಒಪ್ಪಿಗೆ ಬೇಕು ಎಂದು ಅದು ಹೇಳುತ್ತದೆ. ಆ ಒಪ್ಪಿಗೆಯನ್ನು ವಿದ್ಯಾರ್ಥಿ ಯಶಸ್ಸು ಪಡೆದ ನಂತರವೇ ಪಡೆಯಬೇಕು; ಪ್ರವೇಶದ ದಿನ ಹತ್ತು ಕಾಗದಗಳ ನಡುವೆ ಒಂದಾಗಿ ಸಹಿ ಹಾಕಿಸಿಕೊಂಡರೆ ನಡೆಯುವುದಿಲ್ಲ. ಆ ವಿದ್ಯಾರ್ಥಿ ಯಾವ ಕೋರ್ಸಿಗೆ, ಎಷ್ಟು ಕಾಲ ಬಂದಿದ್ದ ಎಂಬುದನ್ನೂ ಚಿತ್ರದ ಜೊತೆಗೇ ತೋರಿಸಬೇಕು. ದಾರಿತಪ್ಪಿಸುವ ಜಾಹೀರಾತಿಗೆ ಪ್ರಾಧಿಕಾರ ಮೊದಲ ಬಾರಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಲ್ಲದು. ಒಪ್ಪಿಗೆಯ ಸಮಯವನ್ನೇ ನಿಗದಿ ಮಾಡಿದ್ದು ಈ ಮಾರ್ಗಸೂಚಿಯ ಹೆಚ್ಚುಗಾರಿಕೆ. ಸಂಸ್ಥೆಯ ಕೈ ಮೇಲಿರುವಾಗ ಪಡೆದ ಸಹಿ ಒಪ್ಪಿಗೆಯಲ್ಲ ಎಂಬ ತಿಳಿವಳಿಕೆ ಅದರಲ್ಲಿದೆ. ಆಸ್ಪತ್ರೆ, ಜಿಮ್, ಸ್ಟುಡಿಯೋಗಳಿಗೂ ಇದೇ ಬಗೆಯ ನಿಯಮ ಬರಬೇಕು. ಹದಿನೆಂಟು ತುಂಬದ ಮಕ್ಕಳು ಕಾನೂನಿನ ಪ್ರಕಾರ ಕರಾರು ಮಾಡಿಕೊಳ್ಳಲಾರರು, ಆದ್ದರಿಂದ ಹತ್ತನೆಯ ತರಗತಿಯ ಮಕ್ಕಳ ವಿಷಯದಲ್ಲಿ ತಂದೆತಾಯಿಯ ಸಹಿಯೇ ಬೇಕು.

ಬ್ಯಾನರ್ ನೆಟ್ಟ ಜಾಗಕ್ಕೆ ಬೇರೆಯೇ ಕಾನೂನು. ಮಹಾರಾಷ್ಟ್ರದ 1995ರ ಆಸ್ತಿ ವಿರೂಪ ತಡೆ ಕಾಯಿದೆಯಡಿ ಪಾಲಿಕೆಯ ಪರವಾನಗಿ ಬೇಕು. ಅಕ್ರಮ ಹೋರ್ಡಿಂಗುಗಳ ವಿರುದ್ಧ 2017ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಕೊಟ್ಟ ದೀರ್ಘ ತೀರ್ಪು ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠದ್ದು. ಥಾಣೆ ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿ ಆರಂಭಿಸಿದ ಅವರು ಮುಂದೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯೂ ಆದರು. ಆದರೆ ಪಾಲಿಕೆ ನೋಡುವುದು ಕಂಬಕ್ಕೆ ಪರವಾನಗಿ ಇದೆಯೇ ಎಂಬುದನ್ನು ಮಾತ್ರ. ಬ್ಯಾನರಿನಲ್ಲಿರುವವರನ್ನು ಕೇಳಿದ್ದೀರಾ ಎಂದು ಅದು ವಿಚಾರಿಸುವುದಿಲ್ಲ. ಪರವಾನಗಿಯ ಅರ್ಜಿಯಲ್ಲಿ ಅದಕ್ಕೊಂದು ಕಲಂ ಸೇರಿಸಿದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಪ್ರಧಾನಿಯ ಚಿತ್ರ

2016ರ ಸೆಪ್ಟೆಂಬರ್ ಆರಂಭದಲ್ಲಿ ರಿಲಯನ್ಸ್ ಜಿಯೋ ಸೇವೆ ಶುರುವಾದಾಗ ಪತ್ರಿಕೆಗಳ ಪುಟ ತುಂಬ ಪ್ರಧಾನಿ ನರೇಂದ್ರ ಮೋದಿಯವರ ಚಿತ್ರವಿತ್ತು. ನವೆಂಬರ್‌ನಲ್ಲಿ ನೋಟು ರದ್ದಾದಾಗ ಪೇಟಿಎಂ ಕೂಡ ಹಾಗೇ ಮಾಡಿತು. ಅನುಮತಿ ಕೊಟ್ಟಿರಲಿಲ್ಲ ಎಂದು ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಎರಡೂ ಕಂಪನಿಗಳು ಕ್ಷಮೆ ಕೇಳಿದವು. ಇಲ್ಲಿ ಅನ್ವಯವಾಗುವುದು 1950ರ ಲಾಂಛನ ಮತ್ತು ಹೆಸರುಗಳ ಕಾಯಿದೆ. ಅದರ ಪಟ್ಟಿಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ, ಮಹಾತ್ಮ ಗಾಂಧಿ, ನೆಹರೂ, ಇಂದಿರಾ ಗಾಂಧಿ ಮತ್ತು ಪ್ರಧಾನಮಂತ್ರಿಯ ಹೆಸರು, ಚಿತ್ರಗಳಿವೆ. ಸ್ವಾರಸ್ಯದ ಒಂದು ವಿನಾಯಿತಿಯೂ ಅಲ್ಲಿದೆ: ತಯಾರಕ ಮತ್ತು ಮುದ್ರಕರ ಹೆಸರಷ್ಟೇ ಇದ್ದು, ಸರಕಿನ ಪ್ರಚಾರ ಮಾಡದ ಕ್ಯಾಲೆಂಡರಿನಲ್ಲಿ ಈ ಚಿತ್ರಗಳು ಇರಬಹುದು. ಶಿವಾಜಿ ಮಹಾರಾಜರ ಕ್ಯಾಲೆಂಡರ್ ಗೋಡೆಗೆ ಹಾಕುವುದು ತಪ್ಪಲ್ಲ; ಅದರ ಕೆಳಗೆ ಅಡುಗೆ ಎಣ್ಣೆಯ ಜಾಹೀರಾತು ಸೇರಿಸಿದರೆ ತಪ್ಪು. 2016ರಲ್ಲಿ ಈ ತಪ್ಪಿಗೆ ಕಾಯಿದೆ ಇಟ್ಟಿದ್ದ ದಂಡ ಹೆಚ್ಚೆಂದರೆ 500 ರೂಪಾಯಿ. ಒಂದು ಪುಟದ ಜಾಹೀರಾತಿಗೆ ಲಕ್ಷಗಟ್ಟಲೆ ಸುರಿಯುವ ಕಂಪನಿಗೆ ಆ ಮೊತ್ತ ಏನನ್ನೂ ತಡೆಯಲಾರದು.

ನಕಲಿ ಮುಖ, ನಕಲಿ ದನಿ

2023ರ ನವೆಂಬರ್‌ನಲ್ಲಿ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ದೇಹಕ್ಕೆ ಜೋಡಿಸಿದ ವಿಡಿಯೋ ಹರಡಿದಾಗ ಡೀಪ್‌ಫೇಕ್ ಎಂಬುದು ಮನೆಮಾತಾಯಿತು. ಮರುತಿಂಗಳು ಇನ್ಫೋಸಿಸ್‌ನ ಎನ್.ಆರ್. ನಾರಾಯಣ ಮೂರ್ತಿ, ಷೇರು ವ್ಯವಹಾರದ ಆ್ಯಪ್‌ಗಳನ್ನು ತಾವು ಶಿಫಾರಸು ಮಾಡುವಂತೆ ತೋರಿಸುವ ವಿಡಿಯೋಗಳನ್ನು ನಂಬಬೇಡಿ ಎಂದು ಸಾರ್ವಜನಿಕವಾಗಿ ಹೇಳಬೇಕಾಯಿತು. 2024ರ ಜನವರಿಯಲ್ಲಿ ಸಚಿನ್ ತೆಂಡೂಲ್ಕರ್ ಒಂದು ಆಟದ ಆ್ಯಪ್‌ನ ವಿಷಯದಲ್ಲಿ ಅದನ್ನೇ ಹೇಳಿದರು, ಮುಂಬಯಿ ಪೊಲೀಸರು ಪ್ರಕರಣ ದಾಖಲಿಸಿದರು. ಇಂಥ ಜಾಹೀರಾತಿನಲ್ಲಿ ಇಬ್ಬರಿಗೆ ಅನ್ಯಾಯವಾಗುತ್ತದೆ: ಮುಖದ ಒಡೆಯರಿಗೆ, ಮತ್ತು ಆ ಮುಖವನ್ನು ನಂಬಿ ನಿವೃತ್ತಿಯ ಹಣ ಹಾಕಿದವರಿಗೆ.

ದನಿಯ ವಿಷಯದಲ್ಲಿ ದೊಡ್ಡ ಆದೇಶ ಬಾಂಬೆ ಹೈಕೋರ್ಟಿನದೇ. 2024ರ ಜುಲೈ 26ರಂದು ನ್ಯಾಯಮೂರ್ತಿ ಆರ್.ಐ. ಚಾಗ್ಲಾ, ಅರಿಜಿತ್ ಸಿಂಗ್ ಅವರ ಕಂಠವನ್ನು ಅನುಕರಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ತಡೆದರು. ದನಿಯನ್ನು ಕದಿಯಲು ಸಾಧನ ಒದಗಿಸುವುದೂ ಹಕ್ಕಿನ ಉಲ್ಲಂಘನೆ ಎಂಬುದು ಅದರ ಸಾರ. 2025ರಲ್ಲಿ ಆಶಾ ಭೋಸ್ಲೆ ಅವರಿಗೂ ಅದೇ ಹೈಕೋರ್ಟಿನಿಂದ ರಕ್ಷಣೆ ಸಿಕ್ಕಿತು. ಇನ್ನೊಬ್ಬರ ವೇಷ ಹಾಕಿ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಸೆಕ್ಷನ್ ಇದೆ. ತಿರುಚಿದ ಚಿತ್ರವನ್ನು ಅದರಲ್ಲಿರುವ ವ್ಯಕ್ತಿ ಅಥವಾ ಅವರ ಪರವಾಗಿ ಇನ್ನೊಬ್ಬರು ದೂರು ಕೊಟ್ಟ 24 ಗಂಟೆಯೊಳಗೆ ತೆಗೆಯಬೇಕೆಂದು 2021ರ ನಿಯಮಗಳು ಜಾಲತಾಣಗಳಿಗೆ ಹೇಳಿದವು. ಈ ದೂರು ಕೊಡಲು ಕೋರ್ಟು, ವಕೀಲರು ಬೇಕಿಲ್ಲ, ಹೆಸರುವಾಸಿಯಾಗಿರಬೇಕಿಲ್ಲ.

ಹಕ್ಕಿನ ಗಡಿ

ಸುದ್ದಿ, ವಿಮರ್ಶೆ, ವ್ಯಂಗ್ಯಚಿತ್ರ, ಜೀವನಚರಿತ್ರೆಗಳನ್ನು ಈ ಹಕ್ಕು ತಡೆಯುವುದಿಲ್ಲ, ತಡೆಯಲೂಬಾರದು. ಗಾಯಕ ದಲೇರ್ ಮೆಹಂದಿ ರೂಪದ ಹಾಡುವ ಗೊಂಬೆಗಳನ್ನು 2010ರಲ್ಲಿ ತಡೆದ ದೆಹಲಿ ಹೈಕೋರ್ಟೇ ಅಣಕ, ಗೇಲಿಗಳನ್ನು ಇದರ ಹೆಸರಲ್ಲಿ ಅದುಮಬಾರದು ಎಂದು ಎಚ್ಚರಿಸಿತ್ತು. ಬೆಂಗಳೂರು ಮೂಲದ, ಆನ್‌ಲೈನ್ ಆಟಗಳ ಎಂಪಿಎಲ್ ಸಮೂಹದ ವಿರುದ್ಧ ಕ್ರಿಕೆಟಿಗರ ಡಿಜಿಟಲ್ ಕಾರ್ಡುಗಳ ಬಗ್ಗೆ ಬಂದ ದಾವೆಯಲ್ಲಿ 2023ರ ಏಪ್ರಿಲ್‌ನಲ್ಲಿ ಅದೇ ಹೈಕೋರ್ಟಿನ ನ್ಯಾಯಮೂರ್ತಿ ಅಮಿತ್ ಬನ್ಸಲ್, ಎಲ್ಲರಿಗೂ ಲಭ್ಯವಿರುವ ಆಟದ ಅಂಕಿಅಂಶ, ಹೆಸರು, ಕಲಾವಿದ ಬರೆದ ಚಿತ್ರಗಳನ್ನು ಬಳಸಲು ತಡೆಯಿಲ್ಲ ಎಂದರು. ಈಚಿನ ತಾರಾ ಆದೇಶಗಳು ಎದುರು ಪಕ್ಷ ಹಾಜರಿಲ್ಲದಾಗ, ಹತ್ತಾರು ಅನಾಮಿಕರ ಮೇಲೆ ಒಮ್ಮೆಗೇ ಹೊರಡುತ್ತಿವೆ. ಮಗ್ಗು ಮಾರುವವನೂ ತಮಾಷೆಯ ಮೀಮ್ ಮಾಡಿದ ಹುಡುಗನೂ ಒಂದೇ ಬುಟ್ಟಿಗೆ ಬೀಳುವ ಅಪಾಯ ಇದರಲ್ಲಿದೆ. ಕೇಳಬೇಕಾದ ಪ್ರಶ್ನೆ ಈ ಮುಖದಿಂದ ಏನನ್ನಾದರೂ ಮಾರುತ್ತಿದ್ದಾರೆಯೇ ಎಂಬುದು.

ಸಾವಿನ ನಂತರ? ನಟ ಸುಶಾಂತ್ ಸಿಂಗ್ ರಜಪೂತ್ ಅವರ ತಂದೆ ಹೂಡಿದ ದಾವೆಯಲ್ಲಿ 2023ರಲ್ಲಿ ದೆಹಲಿ ಹೈಕೋರ್ಟ್ ಈ ಹಕ್ಕು ವ್ಯಕ್ತಿಯ ಜೊತೆಗೇ ಮುಗಿಯುತ್ತದೆ ಎಂದಿತು. ಟ್ರೇಡ್‌ಮಾರ್ಕ್ ಕಾಯಿದೆಯ 14ನೇ ಸೆಕ್ಷನ್ ಮಾತ್ರ ಸ್ವಲ್ಪ ಆಸರೆ ಕೊಡುತ್ತದೆ: ಇಪ್ಪತ್ತು ವರ್ಷದೊಳಗೆ ತೀರಿಕೊಂಡವರ ಹೆಸರು, ಚಿತ್ರವನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಬಂದರೆ ವಾರಸುದಾರರ ಒಪ್ಪಿಗೆಯನ್ನು ರಿಜಿಸ್ಟ್ರಾರ್ ಕೇಳಬಹುದು. 2021ರ ಅಕ್ಟೋಬರ್ 29ರಂದು ಅಗಲಿದ ಪುನೀತ್ ರಾಜ್‌ಕುಮಾರ್ ಅವರ ವಿಷಯದಲ್ಲಿ ಆ ಅವಧಿ 2041ರವರೆಗೆ ಇದೆ. 2006ರ ಏಪ್ರಿಲ್ 12ರಂದು ತೀರಿಕೊಂಡ ಡಾ. ರಾಜ್‌ಕುಮಾರ್ ಅವರ ವಿಷಯದಲ್ಲಿ ಅದು 2026ರ ಏಪ್ರಿಲ್‌ವರೆಗಷ್ಟೇ. ಅಭಿಮಾನಿ ಆಟೋ ಮೇಲೆ ಅಣ್ಣಾವ್ರ ಚಿತ್ರ ಬರೆಸುವುದು ಪ್ರೀತಿ, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ರಾಜ್‌ಕುಮಾರ್ ಬದುಕಿದ್ದಾಗ ನಂದಿನಿ ಹಾಲಿನ ಜಾಹೀರಾತಿನಲ್ಲಿ ಸಂಭಾವನೆ ಪಡೆಯದೆ ಕಾಣಿಸಿಕೊಂಡರು. ಮುಖವನ್ನು ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬ ಆಯ್ಕೆ ಅವರದಾಗಿತ್ತು. ಸತ್ತವರ ಆ ಆಯ್ಕೆಯನ್ನು ಯಾರಾದರೂ ಕಾಯಬೇಕು. ಇಲ್ಲಿ ಕಾನೂನು ಸೋತಿದೆ ಎಂದೇ ನನ್ನ ಅಭಿಪ್ರಾಯ.

ಎಲ್ಲಿಗೆ ಹೋಗಬೇಕು

ಬಾಂಬೆ ಹೈಕೋರ್ಟಿನಲ್ಲಿ ನೇರವಾಗಿ ಸಿವಿಲ್ ದಾವೆ ಹೂಡುವ ವ್ಯಾಪ್ತಿ ಬೃಹನ್ಮುಂಬಯಿಗೆ ಸೀಮಿತ. ಮುಲುಂಡ್‌ವರೆಗೆ ಒಂದು ನ್ಯಾಯಾಲಯ, ರೈಲಿನಲ್ಲಿ ಒಂದು ಸ್ಟೇಷನ್ ಮುಂದೆ ಹೋದರೆ ಬೇರೊಂದು. ಥಾಣೆ, ಕಲ್ಯಾಣ್, ಬೇಲಾಪುರದ ನ್ಯಾಯಾಲಯಗಳೇ ಇಲ್ಲಿನವರ ಮೊದಲ ಬಾಗಿಲು. ಫೋಟೋದ ಕೃತಿಸ್ವಾಮ್ಯವೂ ನಿಮ್ಮದೇ ಆಗಿದ್ದರೆ, ಎದುರು ಪಕ್ಷ ದೆಹಲಿಯಲ್ಲಿದ್ದರೂ ನೀವಿರುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹೂಡಲು ಕೃತಿಸ್ವಾಮ್ಯ ಕಾಯಿದೆಯ 62ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಸರ್ಕಾರಿ ಇಲಾಖೆಯೇ ಚಿತ್ರ ಬಳಸಿದ್ದರೆ ಮಾತ್ರ, 2025ರ ಆ ಮಹಿಳೆಯ ಹಾಗೆ, ರಿಟ್ ಅರ್ಜಿಯೊಂದಿಗೆ ನೇರ ಹೈಕೋರ್ಟಿಗೆ ಹೋಗಬಹುದು.

ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯಿದೆ ಹೇಳುತ್ತದೆ. ಥಾಣೆಯಲ್ಲಿ ಅದಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ವಂಚನೆಯ ಜಾಹೀರಾತಾದರೆ 1930 ಸಹಾಯವಾಣಿ, ಪೊಲೀಸರು. ಡೊಂಬಿವಲಿ, ಕಲ್ಯಾಣ್ ಎರಡೂ ಥಾಣೆ ಪೊಲೀಸ್ ಆಯುಕ್ತರ ವ್ಯಾಪ್ತಿಯಲ್ಲಿವೆ, ನವಿ ಮುಂಬಯಿಗೆ ಪ್ರತ್ಯೇಕ ಆಯುಕ್ತರಿದ್ದಾರೆ. ದೂರಿಗೆ ಮೊದಲು ಬ್ಯಾನರಿನ ಫೋಟೋವನ್ನು ಜಾಗ, ದಿನಾಂಕ ಕಾಣುವಂತೆ ತೆಗೆದಿಡಬೇಕು. ಜಾಲತಾಣದ್ದಾದರೆ ಸ್ಕ್ರೀನ್‌ಶಾಟಿನ ಜೊತೆ ಪೂರ್ತಿ ವಿಳಾಸ ಬರೆದಿಡಬೇಕು. ಅವುಗಳನ್ನು ಕೋರ್ಟಿಗೆ ಸಲ್ಲಿಸುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕಾಗುತ್ತದೆ.

ಮುಂದೆ ಬರಲಿರುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಗುರುತಿಸಬಹುದಾದ ವ್ಯಕ್ತಿಯ ಫೋಟೋ ಕೂಡ ಅದರಡಿ ವೈಯಕ್ತಿಕ ದತ್ತಾಂಶವೇ, ಅದನ್ನು ಬಳಸುವ ಸಂಸ್ಥೆ ಒಪ್ಪಿಗೆ ಪಡೆಯಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲೂ ಬರುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿರುವುದರಿಂದ ಅವು ಜಾರಿಗೆ ಬರುವುದು 2027ರ ಮೇ ಹೊತ್ತಿಗೆ. ದೇಶದ ದೊಡ್ಡ ಡೇಟಾ ಕೇಂದ್ರಗಳಲ್ಲಿ ಹಲವು ಇರುವುದು ಐರೋಲಿ, ರಬಾಳೆ, ಮಹಾಪೆಯ ಸಾಲಿನಲ್ಲಿ. ಅವುಗಳ ಗ್ರಾಹಕ ಸಂಸ್ಥೆಗಳು ಆ ದಿನಕ್ಕೆ ತಯಾರಾಗಬೇಕು. ಆದರೆ ಕಾಯಿದೆಯ 3ನೇ ಸೆಕ್ಷನ್, ವ್ಯಕ್ತಿ ತಾನೇ ಸಾರ್ವಜನಿಕಗೊಳಿಸಿದ ದತ್ತಾಂಶಕ್ಕೆ ಅನ್ವಯಿಸುವುದಿಲ್ಲ ಎನ್ನುತ್ತದೆ. ಹಾಗಾದರೆ ಇನ್‌ಸ್ಟಾಗ್ರಾಂನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ ಫೋಟೋ? 2021ರಲ್ಲಿ ನ್ಯಾಯಮೂರ್ತಿ ಪಟೇಲ್ ಅಂಥ ಚಿತ್ರಕ್ಕೂ ರಕ್ಷಣೆ ಕೊಟ್ಟಿದ್ದರು. ಹೊಸ ಕಾಯಿದೆ ಅದನ್ನು ಕೈಬಿಟ್ಟರೂ ಹಳೆಯ ಹಕ್ಕು ಹಾಗೇ ಉಳಿದಿದೆ. 2027ರ ನಂತರ ಥಾಣೆಯ ನ್ಯಾಯಾಲಯಗಳಲ್ಲಿ ವಕೀಲರು ಮೊದಲು ವಾದಿಸಬೇಕಾಗಿ ಬರುವುದು ಇದನ್ನೇ.